ಹಿರಿಯ ರೋಗಿಗಳ ನಡುವೆಯೇ ಕಲಿಕೆ: ಆರೋಗ್ಯ ವೃತ್ತಿಯವರಿಗೆ ಆನ್‌ಲೈನ್ ವೃದ್ಧಾಪ್ಯ ಅಧ್ಯಯನ

ವೃದ್ಧಾಪ್ಯ ವಿಜ್ಞಾನವನ್ನು ಹುಡುಕಿಕೊಂಡು ಬರುವ ವೈದ್ಯರು, ದಾದಿಯರು, ಫಿಸಿಯೋಥೆರಪಿಸ್ಟರಲ್ಲಿ ಹೆಚ್ಚಿನವರು ಆಗಲೇ ಕೆಲವು ವರ್ಷ ದುಡಿದವರು. ಕಾಲೇಜಿನಲ್ಲಿ ಅವರು ಕಲಿತದ್ದು ಒಂದೊಂದು ರೋಗದ ಲೆಕ್ಕದಲ್ಲಿ. ಹೊರರೋಗಿ ವಿಭಾಗದಲ್ಲಿ ಎದುರು ಕೂರುವ ಎಪ್ಪತ್ತೈದರ ಹಿರಿಯರಲ್ಲಿ ನಾಲ್ಕೈದು ಕಾಯಿಲೆಗಳು ಒಟ್ಟಿಗೇ ಇರುತ್ತವೆ. ಜೊತೆಗೆ ಕುಗ್ಗುತ್ತಿರುವ ಕಾಲಿನ ಬಲ, ಮಂದವಾದ ಕಿವಿ, ಒಂಟಿತನ, ಆಸ್ಪತ್ರೆಗೆ ಕರೆತರಲು ಕೂಲಿ ಬಿಟ್ಟು ಬಂದ ಮಗಳು. ಇಷ್ಟನ್ನೂ ಒಂದೇ ನೋಟದಲ್ಲಿ ಹಿಡಿಯುವ ಶಿಸ್ತು ತಮಗೆ ಸಿಕ್ಕಿಲ್ಲವೆಂದು ಅರಿವಾಗುವ ಹೊತ್ತಿಗೆ ಕೆಲಸ ಬಿಟ್ಟು ಎರಡು ವರ್ಷ ಓದಲು ಹೋಗುವ ಸ್ಥಿತಿ ಉಳಿದಿರುವುದಿಲ್ಲ.

ಆನ್‌ಲೈನ್ ಸ್ನಾತಕೋತ್ತರ ವ್ಯಾಸಂಗ ಈ ಅಗತ್ಯಕ್ಕೆ ಒದಗಿಬಂದ ದಾರಿ. ಕಲಿಯುವವರು ಹಿರಿಯ ರೋಗಿಗಳ ನಡುವೆಯೇ ಇದ್ದುಕೊಂಡು ಕಲಿಯುತ್ತಾರೆ ಎಂಬುದರಲ್ಲಿ ಅದರ ನಿಜವಾದ ಬಲವಿದೆ ಎಂಬುದು ಈ ಲೇಖನದ ವಾದ. ಪಠ್ಯಕ್ರಮ ಆ ಬಲವನ್ನು ಬಳಸಿಕೊಳ್ಳದಿದ್ದರೆ ಕೊನೆಗೆ ಉಳಿಯುವುದು ಧ್ವನಿಮುದ್ರಿತ ಪಾಠ ಮತ್ತು ಪ್ರಮಾಣಪತ್ರ.

ಶಾಸ್ತ್ರದ ಹಿನ್ನೆಲೆಯನ್ನು ಚುಟುಕಾಗಿ ನೆನೆಯಬಹುದು. 1903ರಲ್ಲಿ ಈಲಿ ಮೆಚ್ನಿಕಾಫ್ ಜೆರೊಂಟಾಲಜಿ ಎಂಬ ಹೆಸರು ಕೊಟ್ಟರು. 1909ರಲ್ಲಿ ಇಗ್ನಾಟ್ಸ್ ನ್ಯಾಷರ್ ವೃದ್ಧರ ಚಿಕಿತ್ಸೆಯನ್ನು ಜೆರಿಯಾಟ್ರಿಕ್ಸ್ ಎಂದು ಕರೆದರು. 1930ರ ದಶಕದಲ್ಲಿ ಲಂಡನ್ ಸಮೀಪದ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಯ ಮಾರ್ಜರಿ ವಾರೆನ್, ಗುಣವಾಗುವುದಿಲ್ಲವೆಂದು ಹಾಸಿಗೆಯಲ್ಲೇ ಬಿಟ್ಟಿದ್ದ ರೋಗಿಗಳನ್ನು ಒಬ್ಬೊಬ್ಬರಾಗಿ ಪರೀಕ್ಷಿಸಿ, ಎಬ್ಬಿಸಿ, ನಡೆಸಿ, ಹಲವರನ್ನು ಮನೆಗೆ ಕಳಿಸಿದರು. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಿಯೊನಾರ್ಡ್ ಡೇವಿಸ್ ಶಾಲೆ 1975ರಲ್ಲಿ ಈ ವಿಷಯಕ್ಕೇ ಮೀಸಲಾಗಿ ಆರಂಭವಾಯಿತು. ಇಂದು ಅದು ಸ್ನಾತಕೋತ್ತರ ಪದವಿಯನ್ನು ಆನ್‌ಲೈನ್‌ನಲ್ಲೂ ಕೊಡುತ್ತದೆ. ಭಾರತದಲ್ಲಿ ಮದ್ರಾಸ್ ವೈದ್ಯಕೀಯ ಕಾಲೇಜು 1996ರಲ್ಲಿ ಜೆರಿಯಾಟ್ರಿಕ್ಸ್ ಎಂ.ಡಿ. ಆರಂಭಿಸಿತು. ಆದರೆ ತಜ್ಞರ ಸಂಖ್ಯೆಯನ್ನು ಹಿರಿಯರ ಸಂಖ್ಯೆಯ ಪಕ್ಕದಲ್ಲಿಟ್ಟು ನೋಡುವಂತಿಲ್ಲ. 2011ರ ಜನಗಣತಿಯಲ್ಲೇ 60 ದಾಟಿದವರು ಹತ್ತು ಕೋಟಿಗೂ ಹೆಚ್ಚು. ಕರ್ನಾಟಕದಲ್ಲಿ ಜನಸಂಖ್ಯೆಯ ಸುಮಾರು 9.5 ಶೇಕಡಾ. ಎಂ.ಡಿ. ಸೀಟುಗಳನ್ನು ಎಷ್ಟು ಹೆಚ್ಚಿಸಿದರೂ ಇಷ್ಟು ಜನರನ್ನು ನೋಡಿಕೊಳ್ಳುವವರು ಸಾಮಾನ್ಯ ವೈದ್ಯರು, ದಾದಿಯರು, ಸಮುದಾಯ ಆರೋಗ್ಯ ಅಧಿಕಾರಿಗಳೇ. ಕಲಿಸಬೇಕಾದದ್ದು ಅವರಿಗೆ.

ಏನನ್ನು ಕಲಿಸಬೇಕು ಎಂಬುದಕ್ಕೆ ಪ್ರಾಥಮಿಕ ಆರೋಗ್ಯ ಕೇಂದ್ರದ ದಿನನಿತ್ಯದ ಒಂದು ಸಂದರ್ಭವನ್ನು ತೆಗೆದುಕೊಳ್ಳೋಣ. ಅಜ್ಜಿಯೊಬ್ಬರು ಪ್ಲಾಸ್ಟಿಕ್ ಕವರಿನ ತುಂಬ ಮಾತ್ರೆಗಳನ್ನು ತಂದಿದ್ದಾರೆ. ಬಿಪಿಗೆಂದು ಅಮ್ಲೋಡಿಪಿನ್ ಶುರುವಾಗಿ ಕೆಲ ವಾರಗಳಾಗಿವೆ, ಪಾದ ಊದಿಕೊಂಡಿದೆ. ಊತವನ್ನು ಕಂಡ ಇನ್ನೊಬ್ಬ ವೈದ್ಯರು ನೀರಿನ ಮಾತ್ರೆ ಬರೆದಿದ್ದಾರೆ. ಅಮ್ಲೋಡಿಪಿನ್ ತರುವ ಊತ ರಕ್ತನಾಳಗಳು ಹಿಗ್ಗಿ ದ್ರವ ಹೊರಗೆ ಜಿನುಗುವುದರಿಂದ ಆಗುವಂಥದ್ದು. ನೀರಿನ ಮಾತ್ರೆಗೆ ಅದು ಅಷ್ಟಾಗಿ ಬಗ್ಗುವುದಿಲ್ಲ. ಆ ಮಾತ್ರೆ ಮೂತ್ರವನ್ನಂತೂ ಹೆಚ್ಚಿಸುತ್ತದೆ. ಅಜ್ಜಿ ರಾತ್ರಿ ನಾಲ್ಕು ಸಲ ಏಳುತ್ತಾರೆ, ಎದ್ದು ನಿಂತಾಗ ಬಿಪಿ ಇಳಿದು ತಲೆ ಸುತ್ತುತ್ತದೆ, ಕತ್ತಲಲ್ಲಿ ಹಿತ್ತಲ ಬಚ್ಚಲಿಗೆ ಹೋಗುವಾಗ ಜಾರಿ ಬೀಳುತ್ತಾರೆ. ತಲೆಸುತ್ತಿಗೆ ಮೂರನೆಯ ಮಾತ್ರೆ ಬರುತ್ತದೆ. ಒಂದು ಔಷಧದ ಅಡ್ಡಪರಿಣಾಮವನ್ನು ಹೊಸ ರೋಗವೆಂದು ತಿಳಿದು ಇನ್ನೊಂದು ಔಷಧ ಬರೆಯುವ ಈ ಸರಪಳಿಯನ್ನು ಪೌಲಾ ರೋಷನ್ ಮತ್ತು ಜೆರ್ರಿ ಗುರ್ವಿಟ್ಜ್ 1990ರ ದಶಕದಲ್ಲಿ ವಿವರಿಸಿದರು. ಇಲ್ಲಿ ಯಾರೊಬ್ಬರೂ ಅಜಾಗರೂಕರಲ್ಲ. ಕವರಿನಲ್ಲಿರುವುದನ್ನೆಲ್ಲ ಮೇಜಿನ ಮೇಲೆ ಸುರಿದು, ಯಾವುದು ಯಾವಾಗ ಯಾಕೆ ಬಂತು ಎಂದು ಕೇಳುವ ಅಭ್ಯಾಸವನ್ನು ಅವರಿಗೆ ಯಾರೂ ಕಲಿಸಿಲ್ಲ, ಅಷ್ಟೆ.

ತರಗತಿಯಲ್ಲಿ ಈ ಸರಪಳಿ ಒಂದು ಸ್ಲೈಡ್ ಆಗಿ ಬಂದು ಹೋಗುತ್ತದೆ. ಆನ್‌ಲೈನ್ ಕೋರ್ಸಿನಲ್ಲಿ, ಸೋಮವಾರ ಪಾಠ ಕೇಳಿದ ವೈದ್ಯೆ ಮಂಗಳವಾರ ತನ್ನದೇ ರೋಗಿಯ ಕವರನ್ನು ಬಿಚ್ಚಿ ನೋಡಬಹುದು, ಹೆಸರು ಮುಚ್ಚಿ ಆ ಪಟ್ಟಿಯನ್ನು ಗುಂಪಿನ ಮುಂದಿಡಬಹುದು. ಇನ್ನೊಂದು ಜಿಲ್ಲೆಯ ಫಾರ್ಮಸಿಸ್ಟರು ಅದರಲ್ಲಿ ಮೆಡಿಕಲ್ ಶಾಪಿನಿಂದ ಚೀಟಿಯಿಲ್ಲದೆ ಕೊಂಡ ನೋವಿನ ಮಾತ್ರೆಯನ್ನು ಗುರುತಿಸುತ್ತಾರೆ. ದಾದಿಯೊಬ್ಬರು ರಾತ್ರಿ ಬಚ್ಚಲಿನ ದಾರಿಯಲ್ಲಿ ದೀಪವಿದೆಯೇ ಎಂದು ಕೇಳುತ್ತಾರೆ. ಬೇರೆ ಬೇರೆ ವೃತ್ತಿಯವರು ಹೀಗೆ ಒಟ್ಟಿಗೆ ಕೂತು ಕಲಿಯುವುದು ನಮ್ಮ ವೈದ್ಯಕೀಯ ಕಾಲೇಜುಗಳಲ್ಲಿ ಅಪರೂಪ. ಗ್ಯಾರಿಸನ್, ಆಂಡರ್ಸನ್ ಮತ್ತು ಆರ್ಚರ್ 2000ದಲ್ಲಿ ಮಂಡಿಸಿದ ಚೌಕಟ್ಟಿನ ಪ್ರಕಾರ ದೂರದ ಕಲಿಕೆ ಫಲಿಸಬೇಕಾದರೆ ವಿಚಾರ, ಒಡನಾಟ, ಬೋಧಕರ ಹಾಜರಿ ಮೂರೂ ಇರಬೇಕು. ವೃದ್ಧಾಪ್ಯ ವಿಜ್ಞಾನದ ಮಟ್ಟಿಗೆ ನಾನು ಎಲ್ಲಕ್ಕಿಂತ ಮೊದಲು ಕೇಳುವುದು ಒಡನಾಟವನ್ನು.

ಮಾಧ್ಯಮದ ಪರಿಣಾಮದ ಪ್ರಶ್ನೆಗೆ ಸಾಕಷ್ಟು ಪುರಾವೆಯಿದೆ. ಡೇವಿಡ್ ಕುಕ್ ಮತ್ತು ಸಂಗಡಿಗರು 2008ರಲ್ಲಿ ಜಾಮಾ ಪತ್ರಿಕೆಯಲ್ಲಿ 201 ಅಧ್ಯಯನಗಳನ್ನು ಒಟ್ಟುಗೂಡಿಸಿ ವಿಶ್ಲೇಷಿಸಿದರು. ಏನೂ ಕಲಿಸದಿರುವುದಕ್ಕೆ ಹೋಲಿಸಿದರೆ ಆರೋಗ್ಯ ವೃತ್ತಿಯವರಿಗೆ ಅಂತರ್ಜಾಲದ ಕಲಿಕೆಯಿಂದ ದೊಡ್ಡ ಲಾಭ. ಸಾಂಪ್ರದಾಯಿಕ ಬೋಧನೆಗೆ ಹೋಲಿಸಿದರೆ ವ್ಯತ್ಯಾಸ ಅಲ್ಪ, ಅದೂ ಒಂದೇ ದಿಕ್ಕಿನದಲ್ಲ. ಹಾಗಾಗಿ ಆನ್‌ಲೈನ್ ಮೇಲೋ ಕೀಳೋ ಎಂಬ ವಾದವನ್ನು ಬದಿಗಿಟ್ಟು ವಿನ್ಯಾಸದ ಕಡೆ ನೋಡುವುದು ಲೇಸು.

ವಿನ್ಯಾಸ ಕಷ್ಟವಾಗುವುದು ಕೈಯಿಂದ ಕಲಿಯಬೇಕಾದ ಭಾಗದಲ್ಲಿ. ಬೀಳುವ ಅಪಾಯ ಅಳೆಯುವ ‘ಟೈಮ್ಡ್ ಅಪ್ ಅಂಡ್ ಗೋ’ ಪರೀಕ್ಷೆಗೆ ಬೇಕಾದದ್ದು ಕೈಯಿರುವ ಕುರ್ಚಿ, ಮೂರು ಮೀಟರ್ ಜಾಗ, ಗಡಿಯಾರ. ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಬೇಕು. 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಅಪಾಯವಿದೆಯೆಂದು ಅಮೆರಿಕದ ಸಿಡಿಸಿ ಹೇಳುತ್ತದೆ. ವಿಡಿಯೊದಲ್ಲಿ ಇದು ಎರಡು ನಿಮಿಷದ ಪಾಠ. ಆರೋಗ್ಯ ಕೇಂದ್ರದ ಪಡಸಾಲೆಯಲ್ಲಿ ಮಾಡಲು ಹೊರಟಾಗ ಪ್ರಶ್ನೆಗಳು ಏಳುತ್ತವೆ. ಅಲ್ಲಿರುವುದು ಕೈಯಿಲ್ಲದ ಪ್ಲಾಸ್ಟಿಕ್ ಕುರ್ಚಿ ಅಥವಾ ಉದ್ದದ ಬೆಂಚು. ಜೀವನವಿಡೀ ನೆಲದ ಮೇಲೆ, ಜಗಲಿಯ ಮೇಲೆ ಕೂತವರು ಕುರ್ಚಿಯಿಂದ ಏಳುವ ರೀತಿಯೇ ಬೇರೆ. ಸೀರೆಯ ನೆರಿಗೆ ಕಾಲಿಗೆ ಸಿಕ್ಕುತ್ತದೆ. ಸವೆದ ಹವಾಯಿ ಚಪ್ಪಲಿಯಲ್ಲಿ ನಡೆಸಬೇಕೋ ಬರಿಗಾಲಲ್ಲೋ? ತಿರುಗುವಾಗ ಎಡವಿದರೆ ಹಿಡಿಯಲು ಪಕ್ಕದಲ್ಲಿ ಎಲ್ಲಿ ನಿಲ್ಲಬೇಕೆಂಬುದನ್ನು ಅನುಭವಸ್ಥರು ಜೊತೆಗಿದ್ದೇ ತೋರಿಸಬೇಕು.

ಮರೆವಿನ ಪರೀಕ್ಷೆಯಲ್ಲೂ ಇದೇ ತೊಡಕು. ಓದು ಬರಹ ಬಲ್ಲವರಿಗೆಂದು ಮಾಡಿದ ಪ್ರಶ್ನಾವಳಿಯನ್ನು ಅಕ್ಷರ ಕಲಿಯದ ಅಜ್ಜನ ಮುಂದಿಟ್ಟರೆ ಇಲ್ಲದ ಕಾಯಿಲೆ ಇದೆಯೆಂದಾಗುತ್ತದೆ. ಐಸಿಎಂಆರ್ ರೂಪಿಸಿದ ಅರಿವಿನ ಪರೀಕ್ಷೆಗಳ ಸಂಗ್ರಹ ಕನ್ನಡದಲ್ಲೂ ಇದೆ. ಭಾರತದಲ್ಲಿ ಮುಪ್ಪನ್ನು ಕುರಿತ ರಾಷ್ಟ್ರೀಯ ಸಮೀಕ್ಷೆಯಾದ ಲಾಸಿಯ ಡಿಮೆನ್ಷಿಯಾ ಅಧ್ಯಯನ 60 ದಾಟಿದ ಭಾರತೀಯರಲ್ಲಿ 7.4 ಶೇಕಡಾ, ಅಂದರೆ ಸುಮಾರು 88 ಲಕ್ಷ ಜನರಲ್ಲಿ ಈ ಕಾಯಿಲೆ ಇದೆಯೆಂದು ಅಂದಾಜಿಸಿತು. ಹೆಂಗಸರಲ್ಲಿ, ಹಳ್ಳಿಗಳಲ್ಲಿ ಪ್ರಮಾಣ ಹೆಚ್ಚು. ಆ ಸಮೀಕ್ಷೆಯಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವೂ ಪಾಲುದಾರ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ ಹಳ್ಳಿಗರ ಮಿದುಳಿನ ಮುಪ್ಪನ್ನು ವರ್ಷವರ್ಷ ಹಿಂಬಾಲಿಸುತ್ತಿದೆ. ನಮ್ಮ ಪಠ್ಯಕ್ಕೆ ಬೇಕಾದ ನಮ್ಮದೇ ಸಾಮಗ್ರಿ ಹೀಗೆ ಸಿದ್ಧವಾಗುತ್ತಿರುವಾಗ, ಅಮೆರಿಕದ ನರ್ಸಿಂಗ್ ಹೋಮ್‌ಗಳ ಉದಾಹರಣೆಗಳನ್ನೇ ಕಲಿಸುತ್ತಾ ಕೂರುವುದಕ್ಕೆ ಸಮರ್ಥನೆಯಿಲ್ಲ.

ಇನ್ನು ನಿಯಮದ ಮಾತು. ಯುಜಿಸಿಯ 2020ರ ನಿಯಮಾವಳಿ ವೈದ್ಯಕೀಯ, ನರ್ಸಿಂಗ್, ಫಿಸಿಯೋಥೆರಪಿ, ಫಾರ್ಮಸಿ ಪದವಿಗಳನ್ನು ದೂರಶಿಕ್ಷಣ ಹಾಗೂ ಆನ್‌ಲೈನ್ ಕ್ರಮದಲ್ಲಿ ಕೊಡುವುದನ್ನು ನಿಷೇಧಿಸಿತು; 2025ರಲ್ಲಿ ಮನೋವಿಜ್ಞಾನ, ಪೋಷಣಶಾಸ್ತ್ರದಂಥ ವಿಷಯಗಳೂ ಆ ಪಟ್ಟಿಗೆ ಸೇರಿದವು. ಹೊಸದಾಗಿ ದಾದಿಯಾಗುವವರು, ವೈದ್ಯರಾಗುವವರು ಪರದೆಯ ಮುಂದೆ ಕೂತು ಪದವಿ ಪಡೆಯಬಾರದು ಎಂಬುದು ಪೂರ್ತಿ ಸರಿ. ಆದರೆ ಆಗಲೇ ನೋಂದಣಿಯಾಗಿ ವಾರ್ಡಿನಲ್ಲಿ ದುಡಿಯುತ್ತಿರುವವರ ಮುಂದಿನ ಓದಿಗೂ ಅದೇ ಅಳತೆಗೋಲು ಹಿಡಿದರೆ ನಷ್ಟ ರೋಗಿಗಳಿಗೇ. ಎಂಬಿಬಿಎಸ್ ಮುಗಿಸಿದವರಿಗೆಂದೇ ಇಗ್ನೋ ವೃದ್ಧರ ವೈದ್ಯಕೀಯದಲ್ಲಿ ದೂರಶಿಕ್ಷಣದ ಸ್ನಾತಕೋತ್ತರ ಡಿಪ್ಲೊಮಾ ರೂಪಿಸಿದಾಗ, ಪ್ರಾಯೋಗಿಕ ತರಬೇತಿಯನ್ನು ಅದರೊಳಗೇ ಸೇರಿಸಿತ್ತು. ನಿಮ್ಹಾನ್ಸ್ 2018ರಲ್ಲಿ ಆರಂಭಿಸಿದ ಡಿಜಿಟಲ್ ಅಕಾಡೆಮಿ ವೈದ್ಯರು, ದಾದಿಯರು, ಮನೋವಿಜ್ಞಾನಿಗಳು, ಸಮಾಜ ಕಾರ್ಯಕರ್ತರಿಗೆ ಮಾನಸಿಕ ಆರೋಗ್ಯವನ್ನು ಕಲಿಸುತ್ತಿದೆ. ಸಂಜೀವ್ ಅರೋರಾ 2003ರಲ್ಲಿ ನ್ಯೂ ಮೆಕ್ಸಿಕೊದಲ್ಲಿ ಕಟ್ಟಿದ ಎಕೋ ಮಾದರಿಯನ್ನೂ ನಿಮ್ಹಾನ್ಸ್ ಬಳಸಿಕೊಂಡಿದೆ: ನಿಗದಿತ ಹೊತ್ತಿಗೆ ವಿಡಿಯೊದಲ್ಲಿ ಸೇರುವುದು, ದೂರದೂರಿನ ವೈದ್ಯರು ತಮ್ಮದೇ ರೋಗಿಯ ವಿವರ ಮಂಡಿಸುವುದು, ಎಲ್ಲರೂ ಕೂಡಿ ಚರ್ಚಿಸುವುದು. ವೃದ್ಧಾಪ್ಯ ವಿಜ್ಞಾನಕ್ಕೆ ಇದಕ್ಕಿಂತ ಒಗ್ಗುವ ಮಾದರಿಯನ್ನು ನಾನು ಕಾಣೆ.

ಕರ್ನಾಟಕದಲ್ಲಿ ಇಂಥ ಕೋರ್ಸ್ ರೂಪಿಸುವುದಾದರೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕಾಲೇಜುಗಳ ಜಾಲವೇ ಅದಕ್ಕೆ ಆಧಾರವಾಗಬಹುದು. ವಿಚಾರದ ಪಾಠ, ಪ್ರಕರಣದ ಚರ್ಚೆ ಆನ್‌ಲೈನ್‌ನಲ್ಲಿ ನಡೆಯಲಿ. ತಿಂಗಳಿಗೊಮ್ಮೆ ಹತ್ತಿರದ ಬೋಧನಾ ಆಸ್ಪತ್ರೆಯಲ್ಲಿ ಕೈಕೆಲಸದ ಅಭ್ಯಾಸವಿರಲಿ. ಅಂಕದ ದೊಡ್ಡ ಪಾಲು ಕಲಿಯುವವರ ಸ್ವಂತ ವಾರ್ಡಿನ ಕೆಲಸಕ್ಕೆ ಸಿಗಬೇಕು: ಪರಿಶೀಲಿಸಿ ಕಡಿಮೆ ಮಾಡಿದ ಔಷಧ ಪಟ್ಟಿಗಳು, ಆಶಾ ಕಾರ್ಯಕರ್ತೆಯೊಂದಿಗೆ ಮಾಡಿದ ಮನೆ ಭೇಟಿಗಳು, ಆರೈಕೆ ಮಾಡುವ ಸೊಸೆಯೊಂದಿಗೋ ಮಗಳೊಂದಿಗೋ ನಡೆಸಿದ ಮಾತುಕತೆಯ ಟಿಪ್ಪಣಿ. ಇವನ್ನು ನೋಡಿ ಸಹಿ ಹಾಕುವ ಸ್ಥಳೀಯ ಮಾರ್ಗದರ್ಶಕರಿಗೆ ಗೌರವಧನ ಮತ್ತು ಹೊರರೋಗಿ ವಿಭಾಗದಿಂದ ಬಿಡುವಿನ ಗಂಟೆಗಳನ್ನು ಲಿಖಿತವಾಗಿ ಕೊಡಬೇಕು. ಕೆಲಸದ ಒತ್ತಡದಲ್ಲಿರುವ ಹಿರಿಯ ವೈದ್ಯರ ಮೇಲೆ ಈ ಹೊಣೆಯನ್ನು ಬಿಟ್ಟಿಯಾಗಿ ಹೇರಿದರೆ ಲಾಗ್‌ಪುಸ್ತಕದ ಪುಟಗಳು ಪರೀಕ್ಷೆಯ ಹಿಂದಿನ ರಾತ್ರಿ ಒಟ್ಟಿಗೇ ತುಂಬುತ್ತವೆ.