ತಟ್ಟೆಯ ಮೇಲೆ ಸಿಗ್ನಲ್ ದೀಪ

ಊಟಕ್ಕೂ ಸಿಗ್ನಲ್ ದೀಪ ಹಚ್ಚಿದವರು ಅಮೆರಿಕದ ಮನಶ್ಶಾಸ್ತ್ರಜ್ಞ ಲಿಯೊನಾರ್ಡ್ ಎಪ್‌ಸ್ಟೀನ್. ಹಸಿರಿಗೆ ಧಾರಾಳ, ಹಳದಿಗೆ ಮಿತಿ, ಕೆಂಪಿಗೆ ತಡೆ: ತೂಕ ಹೆಚ್ಚಿದ ಮಕ್ಕಳಿಗೆಂದು ಹೆಣೆದ ಈ ಲೆಕ್ಕ 1988ರಲ್ಲಿ ಪುಸ್ತಕವೂ ಆಯಿತು. ಆಗೆಲ್ಲ ತಿಂದದ್ದನ್ನು ಕಾಗದದ ಮೇಲೆ ಬರೆದಿಡಬೇಕಿತ್ತು.

ಕಾಗದದ ಜಾಗಕ್ಕೆ ಮೊಬೈಲ್ ಬಂತು. ಅವೇ ಬಣ್ಣಗಳನ್ನು ಬಳಸುತ್ತಿದ್ದ ‘ಕರ್ಬೊ’ ಆ್ಯಪನ್ನು, ತೂಕ ಇಳಿಸುವ ವ್ಯಾಪಾರದಲ್ಲಿ ಪಳಗಿದ ವೇಟ್ ವಾಚರ್ಸ್ 2018ರಲ್ಲಿ ಕೊಂಡು, ಮರುವರ್ಷ 8ರಿಂದ 17 ವಯಸ್ಸಿನವರ ಮುಂದಿಟ್ಟಿತು. ಗದ್ದಲವೆದ್ದಿತು. ಬೆಳೆಯುವ ಮಕ್ಕಳಿಗೆ ತುತ್ತು ತುತ್ತಿಗೂ ಬಣ್ಣ ತೋರಿಸಿದರೆ ಊಟವೆಂದರೇ ಅಂಜಿಕೆ ಹುಟ್ಟೀತು ಎಂದು ಹಲವರು ಸಿಟ್ಟಾದರು. ಆ ಅಳುಕನ್ನು ತಳ್ಳಿಹಾಕುವಂತಿಲ್ಲ.

ಪೆಟ್ಟು ಬಿದ್ದದ್ದು ಮಾತ್ರ ಬೇರೆ ಕಡೆಯಿಂದ. 13 ತುಂಬದ ಮಕ್ಕಳ ಮಾಹಿತಿಯನ್ನು ಪೋಷಕರ ಒಪ್ಪಿಗೆಯಿಲ್ಲದೆ ಕಲೆಹಾಕಿದ ಆರೋಪಕ್ಕೆ ಕಂಪನಿ 2022ರಲ್ಲಿ 15 ಲಕ್ಷ ಡಾಲರ್ ದಂಡಕ್ಕೆ ಒಪ್ಪಿತು. ಆ ಮಾಹಿತಿಯಿಂದ ಕಟ್ಟಿದ ಅಲ್ಗಾರಿದಮ್‌ಗಳನ್ನೂ ಅಳಿಸಬೇಕಾಯಿತು.