ಲಿಲಿಯ ವ್ಯಾಕರಣ

ಲಿಲಿಯ ವ್ಯಾಕರಣವು ೧೬ನೆಯ ಶತಮಾನದಿಂದ ಇಂಗ್ಲೆಂಡಿನ ಶಾಲೆಗಳಲ್ಲಿ ಬಳಕೆಯಲ್ಲಿದ್ದ ಲ್ಯಾಟಿನ್ ಪಠ್ಯಪುಸ್ತಕ. ಲಂಡನ್ನಿನ ಸೇಂಟ್ ಪಾಲ್ಸ್ ಶಾಲೆಯ ಮೊದಲ ಮುಖ್ಯೋಪಾಧ್ಯಾಯ ವಿಲಿಯಂ ಲಿಲಿಯ ಹೆಸರಿನಿಂದ ಇದು ಪ್ರಸಿದ್ಧವಾಗಿದೆ. ಇಂಗ್ಲಿಷಿಗೆ ಪ್ರತ್ಯೇಕ ವ್ಯಾಕರಣಗ್ರಂಥವೇ ಇಲ್ಲದಿದ್ದ ಕಾಲದಲ್ಲಿ, ಇಂಗ್ಲಿಷ್ ಮಕ್ಕಳಿಗೆ ಮಾತೃಭಾಷೆಯ ವ್ಯಾಕರಣದ ಪರಿಚಯವೂ ಈ ಲ್ಯಾಟಿನ್ ಪುಸ್ತಕದ ಮೂಲಕವೇ ಆಗುತ್ತಿತ್ತು.

ರಚನೆ

ಇದು ಒಬ್ಬರ ಕೃತಿಯಲ್ಲ. ಶಾಲೆಯ ಸ್ಥಾಪಕ ಜಾನ್ ಕಾಲೆಟ್ ಹಾಗೂ ವಿದ್ವಾಂಸ ಎರಾಸ್ಮಸ್ ಅವರ ಬರಹಗಳೂ ಇದರಲ್ಲಿ ಸೇರಿವೆ. ಲಿಲಿಯ ಮರಣಾನಂತರ ಸಂಕಲಿತವಾದ ಈ ಪುಸ್ತಕವನ್ನೇ ಎಲ್ಲ ಶಾಲೆಗಳೂ ಬಳಸಬೇಕೆಂದು ದೊರೆ ಎಂಟನೆಯ ಹೆನ್ರಿ ಆಜ್ಞಾಪಿಸಿದನು. ಪುಸ್ತಕದ ಮೊದಲ ಭಾಗ ಇಂಗ್ಲಿಷಿನಲ್ಲಿಯೂ ಎರಡನೆಯದು ಲ್ಯಾಟಿನ್ನಿನಲ್ಲಿಯೂ ಇದೆ.

ಬೋಧನಾಕ್ರಮ

ಪದಗಳನ್ನು ಎಂಟು ವರ್ಗಗಳಾಗಿಯೂ ವಿಭಕ್ತಿಗಳನ್ನು ಆರಾಗಿಯೂ ವಿಂಗಡಿಸಲಾಗಿದೆ. ಇಂಗ್ಲಿಷ್ ವಾಕ್ಯವನ್ನು ಲ್ಯಾಟಿನ್ನಿಗೆ ತರುವಾಗ ವಿದ್ಯಾರ್ಥಿಯು ಮೊದಲು ಮುಖ್ಯ ಕ್ರಿಯಾಪದವನ್ನು ಗುರುತಿಸಿ, ಬಳಿಕ 'ಯಾರು' ಅಥವಾ 'ಯಾವುದು' ಎಂದು ಪ್ರಶ್ನಿಸಿ ಕರ್ತೃವನ್ನು ಕಂಡುಕೊಳ್ಳಬೇಕು. ಹೀಗೆ ಲ್ಯಾಟಿನ್ ಅಭ್ಯಾಸವೇ ಇಂಗ್ಲಿಷ್ ವಾಕ್ಯದ ವಿಶ್ಲೇಷಣೆಯೂ ಆಗುತ್ತಿತ್ತು.

ಎರಡು ಭಾಷೆಗಳ ಸ್ವಭಾವ ಮಾತ್ರ ಭಿನ್ನ. 'ಮಗಿಸ್ಟರ್ ಪುವೆರುಮ್ ವಿಡೆಟ್' ಎಂದರೆ ಗುರುವು ಹುಡುಗನನ್ನು ನೋಡುತ್ತಾನೆ ಎಂದರ್ಥ. ಪದಗಳ ಸ್ಥಾನ ಬದಲಿಸಿದರೂ ಈ ಅರ್ಥ ಕೆಡದು. ಕನ್ನಡದ 'ಅನ್ನು' ಪ್ರತ್ಯಯದಂತೆ ಅಲ್ಲಿನ 'ಉಮ್' ಕರ್ಮವನ್ನು ಸೂಚಿಸುತ್ತದೆ. ಇಂಗ್ಲಿಷಿನಲ್ಲಾದರೋ ಕರ್ತೃ ಮತ್ತು ಕರ್ಮಗಳ ಸ್ಥಾನ ಬದಲಾದರೆ ಹುಡುಗನೇ ಗುರುವನ್ನು ನೋಡಿದಂತಾಗುತ್ತದೆ.

ಪ್ರಭಾವ ಮತ್ತು ವಿಮರ್ಶೆ

೧೫೮೬ರಲ್ಲಿ ವಿಲಿಯಂ ಬುಲ್ಲೋಕರ್ ಪ್ರಕಟಿಸಿದ, ಇಂಗ್ಲಿಷಿನ ಮೊದಲ ಮುದ್ರಿತ ವ್ಯಾಕರಣವು ಲಿಲಿಯ ಮಾದರಿಯನ್ನೇ ಅನುಸರಿಸಿತು. ಲ್ಯಾಟಿನ್ನಿನ ವಿಭಕ್ತಿ, ಲಿಂಗ ಮೊದಲಾದವುಗಳನ್ನು ಇಂಗ್ಲಿಷಿನ ಮೇಲೆ ಹೇರುವುದರಿಂದ ಅನಗತ್ಯ ಗೊಂದಲವುಂಟಾಗುತ್ತದೆ ಎಂದು ಗಣಿತಜ್ಞ ಜಾನ್ ವಾಲಿಸ್ ೧೬೫೩ರಲ್ಲಿ ಆಕ್ಷೇಪಿಸಿದನು. ಆದರೆ ಆತನ ಇಂಗ್ಲಿಷ್ ವ್ಯಾಕರಣವೂ ಲ್ಯಾಟಿನ್ನಿನಲ್ಲಿಯೇ ಇದೆ ಎಂಬುದು ಗಮನಾರ್ಹ.

ಷೇಕ್ಸ್‌ಪಿಯರನ 'ದ ಮೆರ್ರಿ ವೈವ್ಸ್ ಆಫ್ ವಿಂಡ್ಸರ್' ನಾಟಕದಲ್ಲಿ ಬಾಲಕನೊಬ್ಬನು ಈ ಪುಸ್ತಕದ ಪಾಠವನ್ನು ಒಪ್ಪಿಸುವ ಹಾಸ್ಯಪ್ರಸಂಗವಿದೆ. ೧೭೫೮ರಲ್ಲಿ ಪರಿಷ್ಕೃತಗೊಂಡ ಪುಸ್ತಕವು ಈಟನ್ ಲ್ಯಾಟಿನ್ ವ್ಯಾಕರಣವೆಂಬ ಹೆಸರಿನಲ್ಲಿ ೧೯ನೆಯ ಶತಮಾನದವರೆಗೂ ಬಳಕೆಯಲ್ಲಿತ್ತು. ನೌನ್, ಪ್ರೊನೌನ್, ವರ್ಬ್ ಮುಂತಾಗಿ ಇಂದಿಗೂ ಇಂಗ್ಲಿಷ್ ತರಗತಿಗಳಲ್ಲಿ ಕೇಳಿಬರುವ ಪಾರಿಭಾಷಿಕ ಪದಗಳು ಈ ಲ್ಯಾಟಿನ್ ಪರಂಪರೆಯಿಂದಲೇ ಬಂದವು.