ಹಂಟಿಂಗ್ಟನ್ ಕಾಯಿಲೆ: ಸಾಮಾಜಿಕ, ಆರ್ಥಿಕ ಹೊರೆಯ ಇತಿಹಾಸ

ಹಂಟಿಂಗ್ಟನ್ ಕಾಯಿಲೆ ಮೆದುಳಿನ ನರಕೋಶಗಳು ಕ್ರಮೇಣ ನಶಿಸುವ ಆನುವಂಶಿಕ ರೋಗ. ತಂದೆಗೋ ತಾಯಿಗೋ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಶೇ. 50. ಲಕ್ಷಣಗಳು ಹೆಚ್ಚಾಗಿ 30ರಿಂದ 50ರ ವಯಸ್ಸಿನಲ್ಲಿ, ಮನೆಯ ಭಾರ ಹೊತ್ತ ಕಾಲದಲ್ಲೇ ಕಾಣಿಸಿಕೊಳ್ಳುತ್ತವೆ. ಆಮೇಲೆ ರೋಗಿ ಬದುಕುವುದು ಸುಮಾರು 15–20 ವರ್ಷ. ಕೈಕಾಲು ತಾನಾಗಿ ಕುಣಿಯುತ್ತವೆ, ಸಿಟ್ಟು ಹೆಚ್ಚುತ್ತದೆ, ಯೋಚನೆ ಮಂಕಾಗುತ್ತದೆ. ನೌಕರಿ ಹೋಗುತ್ತದೆ; ನೋಡಿಕೊಳ್ಳಲು ಗಂಡನೋ ಹೆಂಡತಿಯೋ ಕೆಲಸ ಬಿಡಬೇಕಾಗುತ್ತದೆ. ಔಷಧದ ಖರ್ಚಿಗಿಂತ ಈ ನಿಂತುಹೋದ ದುಡಿಮೆಯೇ ಎಷ್ಟೋ ಮನೆಗಳನ್ನು ಕುಸಿಯುವಂತೆ ಮಾಡುತ್ತದೆ.

1872ರಲ್ಲಿ ಇದನ್ನು ಸ್ಪಷ್ಟವಾಗಿ ವಿವರಿಸಿದವರು ಅಮೆರಿಕದ ಯುವ ವೈದ್ಯ ಜಾರ್ಜ್ ಹಂಟಿಂಗ್ಟನ್. ಅವರ ಅಜ್ಜ ಮತ್ತು ತಂದೆ ಲಾಂಗ್ ಐಲ್ಯಾಂಡ್‌ನಲ್ಲಿ ತಲೆಮಾರುಗಳಿಂದ ಚಿಕಿತ್ಸೆ ನೀಡಿದ್ದ ಕುಟುಂಬಗಳೇ ಆ ವಿವರಣೆಗೆ ಆಧಾರ. ಆ ಮನೆಗಳವರು ರೋಗದ ಮಾತೆತ್ತಲೂ ಹೆದರುತ್ತಿದ್ದರೆಂದು ಅವರು ದಾಖಲಿಸಿದ್ದಾರೆ. ಮುಂದೆ ಆ ಹೆದರಿಕೆಗೆ ಪ್ರಭುತ್ವದ ಕ್ರೌರ್ಯವೂ ಸೇರಿತು. 1933ರಲ್ಲಿ ನಾಜಿ ಜರ್ಮನಿ ತಂದ ಬಲವಂತದ ಸಂತಾನಹರಣ ಕಾಯಿದೆಯ ಪಟ್ಟಿಯಲ್ಲಿ ಈ ರೋಗವೂ ಇತ್ತು. ಇಂಥ ಕಾಲದಲ್ಲಿ ಕುಟುಂಬಗಳು ರೋಗವನ್ನು ಮುಚ್ಚಿಟ್ಟದ್ದನ್ನು ತಪ್ಪೆನ್ನಲಾಗದು.

ಮೌನ ಒಡೆದದ್ದು ಒಬ್ಬ ಮಹಿಳೆಯಿಂದ. ಅಮೆರಿಕದ ಜಾನಪದ ಗಾಯಕ ವುಡಿ ಗಥ್ರಿ ಇದೇ ರೋಗದಿಂದ ವರ್ಷಗಟ್ಟಲೆ ಆಸ್ಪತ್ರೆಗಳಲ್ಲಿ ಕಳೆದು 1967ರಲ್ಲಿ ತೀರಿಕೊಂಡರು. ಅವರ ಎರಡನೆಯ ಪತ್ನಿಯಾಗಿದ್ದ ನೃತ್ಯ ಕಲಾವಿದೆ ಮಾರ್ಜರಿ ಅದೇ ವರ್ಷ ರೋಗಿಗಳ ಕುಟುಂಬಗಳನ್ನು ಸಂಘಟಿಸಿದರು. ಮುಂದೆ ಈ ರೋಗದ ಕುರಿತು ಅಮೆರಿಕದ ಕಾಂಗ್ರೆಸ್ ರಚಿಸಿದ ಆಯೋಗಕ್ಕೆ ಅವರೇ ಅಧ್ಯಕ್ಷೆ, ತಾಯಿಯಿಂದ ಇದೇ ರೋಗದ ಅಪಾಯ ಹೊತ್ತಿದ್ದ ನ್ಯಾನ್ಸಿ ವೆಕ್ಸ್ಲರ್ ಕಾರ್ಯನಿರ್ವಾಹಕ ನಿರ್ದೇಶಕಿ. ಆಯೋಗವು ಊರೂರುಗಳಲ್ಲಿ ಕುಟುಂಬಗಳ ಅಹವಾಲು ಕೇಳಿ 1977ರಲ್ಲಿ ವರದಿ ಸಲ್ಲಿಸಿತು. ರೋಗದ ಜೊತೆಗೆ ಅದರ ಪರಿಣಾಮಗಳಿಗೂ ಅಲ್ಲಿ ಅಧಿಕೃತ ಮನ್ನಣೆ ಸಿಕ್ಕಿತು.

ವೆನೆಜುವೆಲಾದ ಮರಕೈಬೊ ಸರೋವರದ ದಡದಲ್ಲಿ ಇದೇ ರೋಗವಿದ್ದ ಬಡ ಕುಟುಂಬಗಳು ಕೊಟ್ಟ ರಕ್ತದ ಮಾದರಿಗಳು ಸಂಶೋಧನೆಗೆ ದಾರಿ ತೆರೆದವು. 1993ರಲ್ಲಿ ರೋಗಕ್ಕೆ ಕಾರಣವಾದ ವಂಶವಾಹಿ ಪತ್ತೆಯಾಯಿತು. ಆ ಕುಟುಂಬಗಳ ಬಡತನ ಮಾತ್ರ ನೀಗಲಿಲ್ಲ. ಈಗ ಲಕ್ಷಣ ಕಾಣುವ ಮೊದಲೇ ಪರೀಕ್ಷೆ ಮಾಡಿಸಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಆ ಸೌಲಭ್ಯವಿದೆ. ಆದರೆ ರೋಗವನ್ನು ತಡೆಯುವ ಮದ್ದಿಲ್ಲದಿರುವಾಗ ನೌಕರಿ, ಮದುವೆ, ವಿಮೆಗೆ ಕುತ್ತು ಬಂದೀತೆಂದು ಅನೇಕರು ಹಿಂಜರಿಯುತ್ತಾರೆ. ಅಮೆರಿಕದ 2008ರ ಕಾಯಿದೆಯು ನೌಕರಿ ಮತ್ತು ಆರೋಗ್ಯ ವಿಮೆಯಲ್ಲಿ ಆನುವಂಶಿಕ ತಾರತಮ್ಯವನ್ನು ನಿಷೇಧಿಸಿದೆ. ಜೀವ ವಿಮೆ, ಅಂಗವೈಕಲ್ಯ ವಿಮೆ, ದೀರ್ಘಕಾಲದ ಆರೈಕೆಯ ವಿಮೆ ಅದರ ವ್ಯಾಪ್ತಿಗೆ ಬರುವುದಿಲ್ಲ. ಈ ರೋಗದ ಕುಟುಂಬಗಳಿಗೆ ಎಲ್ಲಕ್ಕಿಂತ ಹೆಚ್ಚು ಬೇಕಾದವು ಇವೇ.